ಸಂಗೀನಿಗೆ ಸುಳ್ಳು ಜಾತಕ

ವರನಿಗೆ ಸುಳ್ಳು ಜಾತಕವನ್ನು ಬರೆಯಿಸುವ ಚಾತುರ್ಯವು ಈ ನಾಡಿಗೆ ಹೊಸದಲ್ಲ. ಈಚೀಚೆಗೆ ಅದೇ ಚಾತುರ್ಯವು ಕಬ್ಬಿಣದ ಮೇಲೆಯೂ ಪ್ರಯೋಗವಾಗತೊಡಗಿದೆ. ವ್ಯತ್ಯಾಸವೊಂದೇ: ವರನಿಗೆ ವಯಸ್ಸನ್ನು ಇಳಿಸುವರು, ಆಯುಧಕ್ಕೆ ಏರಿಸುವರು. ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ ತುಕ್ಕು ಹಿಡಿದ ಯಾವ ಅಲಗು ಕಣ್ಣಿಗೆ ಬಿದ್ದರೂ ಅದು ಒಂದೋ ಕೃಷ್ಣದೇವರಾಯನ ರಾಯಚೂರು ಯುದ್ಧದ್ದು, ಅಲ್ಲವಾದರೆ ಸುರಪುರದ ವೆಂಕಟಪ್ಪನಾಯಕನದು. ಮೂರನೆಯ ಗತಿಯೇ ಅದಕ್ಕಿಲ್ಲ. ಊರಿನ ಸ್ಮರಣ ಸಂಚಿಕೆಗಳಲ್ಲಿ ಹೀಗೆಯೇ ಅಚ್ಚಾಗುತ್ತದೆ, ಸಭೆಗಳಲ್ಲಿ ಹೀಗೆಯೇ ಘೋಷಿಸಲ್ಪಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ಬಿದ್ದ ಮೇಲೆ ಪ್ರಮಾಣವನ್ನು ಕೇಳುವವನು ಸಭಾಕಂಟಕನೆನಿಸಿಕೊಳ್ಳುತ್ತಾನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಣ ಗೊರೇಬಾಳದಂತಹ ಒಂದು ಗ್ರಾಮದಲ್ಲಿ, ಹಳೆಯ ಮನೆಯೊಂದರ ಅಟ್ಟವನ್ನು ಕೀಳುವಾಗ ಒಂದು ಸಂಗೀನು ದೊರೆಯಿತೆಂದು ವಾಚಕರು ಭಾವಿಸಲಿ. ಬಂದೂಕಿನ ಮೂತಿಗೆ ಸಿಕ್ಕಿಸುವ ಮೊನೆಗತ್ತಿಗೆ ಹಿಂದಿನವರು ಸಂಗೀನೆನ್ನುತ್ತಿದ್ದರು. ಆಂಗ್ಲ ಭಾಷೆಯ ಬಯೊನೆಟ್ಟೆಂಬುದು ಇದೇ. ದೊರೆತ ದಿನವೇ ಅದಕ್ಕೆ ನಾಮಕರಣವಾಗುತ್ತದೆ. ಮನೆಯ ಹಿರಿಯರು ‘ನಮ್ಮ ಮುತ್ತಜ್ಜನದು’ ಎನ್ನುವರು. ನೆರೆಯ ಪಂಡಿತರು ‘ಸುರಪುರದ್ದು’ ಎನ್ನುವರು. ಇನ್ನಷ್ಟು ಧಾರಾಳಿಗಳಾದವರು ‘ವಿಜಯನಗರದ್ದು’ ಎನ್ನುವರು. ಸಂಗೀನು ಮಾತ್ರ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳಲು ಸಿದ್ಧವಾಗಿರುತ್ತದೆ. ಅದನ್ನು ಕೇಳುವವರಿಲ್ಲ.

ಧಾರಾಳಿಗಳ ಪಕ್ಷವನ್ನು ಮೊದಲು ತೆಗೆದುಕೊಂಡರೆ ಬೇಗ ಮುಗಿಯುತ್ತದೆ. ರಾಯಚೂರಿನ ಕೋಟೆಗಾಗಿ ಯುದ್ಧವು ನಡೆದುದು 1520ರಲ್ಲಿ. ಪೋರ್ತುಗೀಜನಾದ ನೂನಿಜ್ ಅದರ ವೃತ್ತಾಂತವನ್ನು ವಿಸ್ತಾರವಾಗಿ ಬರೆದಿದ್ದಾನೆ. ಫಿಗೆರೆದೊ ಎಂಬವನ ಕಡೆಯ ಪೋರ್ತುಗೀಜ ಬಂದೂಕಿನವರು ಕೋಟೆಯ ಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದು ಕೆಡವಿದ ಕಥೆಯೂ ಅಲ್ಲಿದೆ. ಬಂದೂಕಿತ್ತೆಂಬುದು ಸರಿ, ಆದರೆ ಅದು ಉರಿಯುವ ಬತ್ತಿಯಿಂದ ಹಾರಿಸುವ ತೋಡೆಬಂದೂಕು. ಸಂಗೀನೆಂಬುದು ಫ್ರಾನ್ಸಿನ ಬಯೋನ್ ಪಟ್ಟಣದ ಹೆಸರನ್ನು ಹೊತ್ತು ಯುರೋಪಿನ ಸೈನ್ಯಗಳಲ್ಲಿ ಕಾಣಿಸಿಕೊಂಡುದು ಹದಿನೇಳನೆಯ ಶತಮಾನದಲ್ಲಿ. ಆರಂಭದ ಸಂಗೀನಿನ ಮರದ ಹಿಡಿಯನ್ನು ನಳಿಕೆಯ ಬಾಯಿಗೇ ಬೆಣೆಯಂತೆ ತುರುಕುತ್ತಿದ್ದರು. ತುರುಕಿದ ಮೇಲೆ ಗುಂಡು ಹಾರಿಸುವಂತಿರಲಿಲ್ಲ. ಈ ಅನನುಕೂಲವನ್ನು ನಿವಾರಿಸಲು, ನಳಿಕೆಯ ಹೊರಗೆ ತೊಡಿಸುವ ಕೊಳವೆಯುಳ್ಳ ಸಂಗೀನು ಆ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದಿತು. ಆದುದರಿಂದ ಕೊಳವೆಯ ಸಂಗೀನನ್ನು ಕೃಷ್ಣದೇವರಾಯನ ಸೈನಿಕನ ಕೈಗೆ ಕೊಡುವವರು ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲವನ್ನು ನುಂಗಿಬಿಡುತ್ತಾರೆ. ತರ್ಕಶಾಸ್ತ್ರದಲ್ಲಿ ಇಂತಹ ಹೇತುವಿಗೆ ಬಾಧಿತವೆಂದು ಹೆಸರು. ಅಗ್ನಿಯು ತಣ್ಣಗಿದೆಯೆಂದು ಸಾಧಿಸಹೊರಟವನಿಗೆ ಯಾವ ಉತ್ತರ ಸಲ್ಲುವುದೋ ಇವರಿಗೂ ಅದೇ ಉತ್ತರ ಸಲ್ಲುತ್ತದೆ.

ತುಕ್ಕನ್ನು ತೋರಿಸಿ ‘ಇಷ್ಟು ತಿಂದಿದೆ, ಎಷ್ಟು ಹಳೆಯದಿರಬೇಡ!’ ಎಂದು ಕೇಳುವವರುಂಟು. ತುಕ್ಕು ಕಾಲವನ್ನು ಅಳೆಯುವ ಗಡಿಯಾರವಲ್ಲ. ನೀರನ್ನೂ ಗಾಳಿಯನ್ನೂ ಅಳೆಯುವಂತಹುದು. ಎಣ್ಣೆಯುಂಡು ಪೆಟ್ಟಿಗೆಯಲ್ಲಿ ಮಲಗಿದ ಕತ್ತಿ ಮುನ್ನೂರು ವರ್ಷ ಹೊಳೆಯುತ್ತದೆ. ಸಿಂಧನೂರಿನ ಸುತ್ತಿನ ಎರೆಹೊಲಗಳಿಗೆ 1953ರ ಬಳಿಕ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದು, ಜೋಳ ಬೆಳೆಯುತ್ತಿದ್ದಲ್ಲಿ ಬತ್ತದ ಗದ್ದೆಗಳಾದುವು. ಅಂತಹ ಕೆಸರಿನಲ್ಲಿ ಬಿದ್ದ ಕುಡುಗೋಲು ಕೆಲವೇ ವರ್ಷಗಳಲ್ಲಿ ಪುರಾತನದಂತೆ ಕಾಣುವುದನ್ನು ಒಕ್ಕಲಿಗರೆಲ್ಲರೂ ಬಲ್ಲರು; ಪಂಡಿತರು ಮಾತ್ರ ಅರಿಯರು.

ಸುರಪುರದ ಪಕ್ಷವು ಇಷ್ಟು ಹಗುರವಾದುದಲ್ಲ. ಆದರೆ ಅದರಲ್ಲಿಯೇ ಹೆಚ್ಚಿನ ಅನ್ಯಾಯವಿದೆ. 1858ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ವಿಂಡ್‌ಹ್ಯಾಮನು ಹೈದರಾಬಾದು ಕಂಟಿಂಜೆಂಟಿನ ದಂಡಿನೊಡನೆ ಸುರಪುರದ ಮುಂದೆ ಬೀಡುಬಿಟ್ಟನು. ನಾಯಕನ ಕಡೆಯ ಬೇಡರೂ ಅರಬರೂ ರೋಹಿಲರೂ ರಾತ್ರಿಯಲ್ಲಿ ಆ ಬೀಡಿನ ಮೇಲೆ ಬಿದ್ದರು. ಅಲ್ಲಿ ನಡೆದ ಕಾಳಗದಲ್ಲಿ ಮದರಾಸು ರಾವುತ ಪಡೆಯ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಆಂಗ್ಲರಿಗೆ ಹೊಸ ಪಡೆಗಳು ಬಂದು ಸೇರುತ್ತಿರಲು ವೆಂಕಟಪ್ಪನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಅದೇ ವರ್ಷ ಗುಂಡಿನೇಟಿನಿಂದ ಅವನ ಜೀವನ ಮುಗಿಯಿತು. ಬಾಲ್ಯದಲ್ಲಿ ಅವನನ್ನು ಪಾಲಿಸಿದ್ದ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಇಷ್ಟೂ ಇತಿಹಾಸ, ಇದರಲ್ಲಿ ವಿವಾದವಿಲ್ಲ.

ಪ್ರಶ್ನೆಯೇನೆಂದರೆ, ಆ ರಾತ್ರಿ ಸಂಗೀನು ಯಾರ ಕೈಯಲ್ಲಿತ್ತು? ಬೇಡರು ತಲೆಮಾರುಗಳಿಂದ ಹೆಸರಾಗಿದ್ದುದು ಬತ್ತಿಯ ಬಂದೂಕಿಗೆ, ಕತ್ತಿಗೆ, ಈಟಿಗೆ. ದೇಶೀಯ ತೋಡೆಬಂದೂಕಿಗೆ ಮೊನೆಗತ್ತಿಯನ್ನು ಕೂಡಿಸಿದುದು ಕ್ವಚಿತ್ತಾಗಿ ಉಂಟಾದರೂ, ಸಾಲುಗಟ್ಟಿ ಸಂಗೀನು ಹಿಡಿದು ನಡೆಯುವ ಕವಾಯತು ಕಂಪನಿಯ ಮಾದರಿಯಲ್ಲಿ ತರಬೇತಾದ ಪಡೆಗಳದು. ಅಂದರೆ ಆ ಕಾಳಗದಲ್ಲಿ ಸಂಗೀನು ನಾಯಕನ ಮೇಲೆ ಬಂದವರ ಆಯುಧ. ಯಾವ ಮೊನೆಯು ನಾಯಕನ ಕಡೆಯವರ ಎದೆಗೆ ಗುರಿಯಾಗಿತ್ತೋ ಅದಕ್ಕೇ ನಾಯಕನ ಹೆಸರಿಟ್ಟು, ಖಂಡೇನವಮಿಯ ದಿನ ಅರಿಸಿನ ಕುಂಕುಮಗಳನ್ನೇರಿಸಿ ಜಯಕಾರ ಮಾಡುವುದು ಎಂತಹ ಶ್ರದ್ಧಾಂಜಲಿ! ರಾವಣನ ಚಂದ್ರಹಾಸವನ್ನು ಜಟಾಯುವಿನ ಆಯುಧವೆಂದು ಪೂಜಿಸಿದಂತಾಯಿತು.

‘ನಾಯಕನ ಅರಮನೆಯ ಪಹರೆಯವರಲ್ಲಿ ಕೆಲವರಿಗಾದರೂ ಕಂಪನಿಯ ಬಂದೂಕುಗಳು ಸಂಗೀನು ಸಹಿತ ಸಿಕ್ಕಿರಬಾರದೇ?’ ಎಂದು ಕೇಳಬಹುದು. ಸಿಕ್ಕಿರಬಹುದು. ಪೌರಾಣಿಕರು ಸಂಭವವನ್ನೂ ಐತಿಹ್ಯವನ್ನೂ ಬೇರೆ ಬೇರೆ ಪ್ರಮಾಣಗಳೆಂದೇ ಎಣಿಸಿದರು. ನೈಯಾಯಿಕರು ಐತಿಹ್ಯವನ್ನು ಶಬ್ದದಲ್ಲಿಯೂ ಸಂಭವವನ್ನು ಅನುಮಾನದಲ್ಲಿಯೂ ಅಡಗಿಸಿದರು. ಅಡಗಿಸಿದುದರ ತಾತ್ಪರ್ಯವೇನು? ‘ಹೀಗೆಂದು ಹೇಳುತ್ತಾರೆ’ ಎಂಬ ಮಾತಿಗೆ ಬೆಲೆ ಬರಬೇಕಾದರೆ ಹೇಳಿದವನು ಆಪ್ತನಾಗಿರಬೇಕು, ಕಂಡವನಾಗಿರಬೇಕು. ‘ಆಗಿರಬಹುದು’ ಎಂಬುದಕ್ಕೆ ಬೆಲೆ ಬರಬೇಕಾದರೆ ವ್ಯಾಪ್ತಿಯಿರಬೇಕು. ಇವೆರಡೂ ಇಲ್ಲದೆಡೆ ಉಳಿಯುವುದು ಆಸೆಯೊಂದೇ. ಆಸೆಯನ್ನು ಯಾವ ದರ್ಶನಕಾರನೂ ಪ್ರಮಾಣಗಳಲ್ಲಿ ಸೇರಿಸಲಿಲ್ಲ.

ಹಾಗಾದರೆ ಸಂಗೀನಿನ ಕಾಲವನ್ನು ಗೊತ್ತುಮಾಡುವುದು ಹೇಗೆ? ಅರುಂಧತಿಯನ್ನು ತೋರಿಸುವವನು ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಅನಂತರ ಸೂಕ್ಷ್ಮವಾದುದರ ಕಡೆಗೆ ಕಣ್ಣನ್ನು ಸರಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ಮೊದಲು ಆಕಾರ, ಬಳಿಕ ಅಳತೆ, ಕೊನೆಗೆ ಅಕ್ಷರ.

ಆಕಾರದಲ್ಲಿ ಎರಡು ದೊಡ್ಡ ಕುಲಗಳು. ಮೂರು ಏಣುಗಳುಳ್ಳ ಸೂಜಿಯಂತಹ ಅಲಗು, ಬುಡದಲ್ಲಿ ಬಾಗಿದ ಕತ್ತು, ಅದಕ್ಕಂಟಿದ ಕೊಳವೆ, ಹಿಡಿಯೇ ಇಲ್ಲ: ಇದೊಂದು ಕುಲ. ಕಂಪನಿಯ ಸಿಪಾಯಿಗಳ ಹಳೆಯ ಬಂದೂಕಿನದು ಇದೇ. ಅಲಗು ಸುಮಾರು 17 ಅಂಗುಲ. ಕೊಳವೆಯಲ್ಲಿ ಅಂಕುಡೊಂಕಾದ ಗಂಡಿಯನ್ನು ಕೊರೆದಿರುವರು. ನಳಿಕೆಯ ಮೇಲಿನ ಮೊಳೆಯು ಅದರಲ್ಲಿ ಹೊಕ್ಕು ತಿರುಗಿ ನಿಲ್ಲುತ್ತದೆ. ಕೊಳವೆಯ ಮೇಲೆ ತಿರುಗುವ ಬಿಗಿಬಳೆಯೊಂದು ಇದೆಯೋ ಇಲ್ಲವೋ ಎಂಬುದನ್ನು ನೋಡತಕ್ಕುದು. ಆಂಗ್ಲರಲ್ಲಿ ಆ ಬಳೆಯು ರೂಢವಾದುದು 1853ರ ಎನ್‌ಫೀಲ್ಡ್ ರೈಫಲಿನೊಡನೆ. ಯಾವುದರ ಕೊಬ್ಬು ಸವರಿದ ತೋಟೆಯಿಂದ 1857ರಲ್ಲಿ ಉತ್ತರದೇಶವೇ ಹೊತ್ತಿಕೊಂಡಿತೋ ಅದೇ ರೈಫಲು. ಆದರೆ ಇಲ್ಲೊಂದು ಎಚ್ಚರಿಕೆ: ಫ್ರೆಂಚರಲ್ಲಿ ಬಿಗಿಬಳೆಯು ಮೊದಲೇ ಇತ್ತು. ನಿಜಾಮನ ಸೇವೆಯಲ್ಲಿ ರೇಮಂಡನೆಂಬ ಫ್ರೆಂಚ್ ಸೇನಾನಿಯು ದೊಡ್ಡ ಪಡೆಯನ್ನು ಕಟ್ಟಿದ್ದನು. ಅವನು 1798ರಲ್ಲಿ ತೀರಿಕೊಂಡನು, ಅದೇ ವರ್ಷ ಆ ಪಡೆಯನ್ನು ವಿಸರ್ಜಿಸಲಾಯಿತು. ಹೈದರಾಬಾದು ಸಂಸ್ಥಾನದಲ್ಲಿ ದೊರೆತ ಬಳೆಯ ಸಂಗೀನನ್ನು ನೋಡುವವರು ಈ ಫ್ರೆಂಚ್ ಶಂಕೆಯನ್ನು ಪರಿಹರಿಸಿಕೊಂಡೇ ಮುಂದುವರಿಯಬೇಕು. 1857ರ ಅನಂತರ ಆಂಗ್ಲರು ದೇಶೀಯ ಸಿಪಾಯಿಗಳನ್ನು ನಂಬದೆ, ಹೊರಗಿನಿಂದ ಎನ್‌ಫೀಲ್ಡಿನಂತೆಯೇ ಕಾಣುವ ಆದರೆ ಒಳಗೆ ಗೀರುಗಳಿಲ್ಲದ ಸಪಾಟು ನಳಿಕೆಯ ಬಂದೂಕುಗಳನ್ನು ಮಾಡಿಸಿ ಕೊಟ್ಟರು. ನಳಿಕೆಯ ದಪ್ಪ ಬದಲಾದರೆ ಕೊಳವೆಯ ಒಳವ್ಯಾಸವೂ ಬದಲಾಗಬೇಕಷ್ಟೆ. ಆದ ಕಾರಣ ಕೊಳವೆಯ ಬಾಯಿಯನ್ನು ಅಳೆಯದೆ ಕಾಲವನ್ನು ಹೇಳುವವನು ನಾಡಿಯನ್ನು ಮುಟ್ಟದೆ ರೋಗವನ್ನು ಹೇಳುವ ವೈದ್ಯನಿಗೆ ಸಮಾನನು. ಅಲಗು 22 ಅಂಗುಲದವರೆಗೆ ಬೆಳೆದಿದ್ದರೆ ಅದು 1876ರ ಮಾದರಿ, ಮಾರ್ಟಿನಿ ಹೆನ್ರಿ ಬಂದೂಕಿನದು. ಆಗ ವೆಂಕಟಪ್ಪನಾಯಕನು ತೀರಿಕೊಂಡು ಹದಿನೆಂಟು ವರ್ಷಗಳಾಗಿದ್ದುವು.

ಇನ್ನೊಂದು ಕುಲವು ಕತ್ತಿಯ ಕುಲ. ಚಪ್ಪಟೆಯಾದ ಅಲಗು, ಇಕ್ಕೆಲಕ್ಕೂ ಮರದ ಹಿಡಿ, ಅಡ್ಡಪಟ್ಟಿಯಲ್ಲಿ ನಳಿಕೆಗೆಂದು ಒಂದು ಉಂಗುರ, ಹಿಡಿಯ ತುದಿಯಲ್ಲಿ ಒತ್ತುಗುಂಡಿ. 1888ರ ಮಾದರಿಗೆ 12 ಅಂಗುಲದ ಎರಡು ಬಾಯಿಯ ಅಲಗು. 1907ರ ಮಾದರಿಗೆ 17 ಅಂಗುಲದ ಒಂದು ಬಾಯಿಯ ಅಲಗು. ಅಟ್ಟಗಳಲ್ಲಿ ಕಾಣಸಿಗುವವುಗಳಲ್ಲಿ ಈ ಕೊನೆಯದು ವಿಶೇಷ. ಇದರ ಅಲಗಿನ ಎರಡು ಮೈಗಳಲ್ಲಿಯೂ ಉದ್ದನೆಯ ತೋಡೊಂದಿದೆ. ರಕ್ತ ಹರಿದುಹೋಗಲೆಂದು ಮಾಡಿದುದಿದೆಂದು ಮಕ್ಕಳಿಗೆ ಹೇಳಿ ಹೆದರಿಸುವ ಗೃಹಸ್ಥರು ಬಹಳ. ಇದು ಬರಿಯ ಬೊಗಳೆ. ಅಲಗಿನ ಬಿಗುಪನ್ನು ಕೆಡಿಸದೆ ಭಾರವನ್ನು ಕಳೆಯಲು ಕಮ್ಮಾರನು ಮಾಡಿದ ಉಪಾಯವಷ್ಟೇ ಅದು.

ಈ 1907ರ ಮಾದರಿಯ ವಿಷಯದಲ್ಲಿ ನಡೆಯುತ್ತಿರುವ ಪ್ರಮಾದವು ಎಲ್ಲಕ್ಕಿಂತ ವಿಚಿತ್ರವಾದುದು. ಅಕ್ಷರ ಬಲ್ಲವರೇ ಇದರಲ್ಲಿ ಮೊದಲು ಎಡವುತ್ತಾರೆ. ಅಲಗಿನ ಬುಡದಲ್ಲಿ ಒಂದು ಕಿರೀಟ, ಅದರ ಕೆಳಗೆ ಅರಸನ ಹೆಸರಿನ ಎರಡಕ್ಷರ, ಅದರ ಕೆಳಗೆ 1907 ಎಂಬ ಅಂಕೆ, ಅದಕ್ಕೂ ಕೆಳಗೆ ಸಣ್ಣ ಅಂಕೆಗಳು, ಬಳಿಕ ತಯಾರಕರ ಹೆಸರು. ಓದಿದವರು ಕೂಡಲೆ ‘1907ರಲ್ಲಿ ಮಾಡಿದುದು’ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 1907 ಎಂಬುದು ಮಾದರಿಯು ಅಂಗೀಕೃತವಾದ ವರ್ಷ. ಸಂಗೀನು ಹುಟ್ಟಿದ ವರ್ಷವಲ್ಲ. ಪಾಣಿನಿಯ ಸೂತ್ರದಂತೆ ಪದವು ಸಿದ್ಧಿಸಿತೆಂದ ಮಾತ್ರಕ್ಕೆ ಆ ಪದವನ್ನು ಆಡಿದವನು ಪಾಣಿನಿಯ ಸಮಕಾಲೀನನಾಗುವನೇ? ಹುಟ್ಟಿದ ತಿಂಗಳೂ ವರ್ಷವೂ ಆ ಕೆಳಗಿನ ಸಣ್ಣ ಅಂಕೆಗಳಲ್ಲಿವೆ: 5 ಎಂದೂ 17 ಎಂದೂ ಇದ್ದರೆ 1917ರ ಮೇ ತಿಂಗಳು. ತಯಾರಕರಲ್ಲಿ ವಿಲ್ಕಿನ್ಸನ್, ಸ್ಯಾಂಡರ್ಸನ್, ಚಾಪ್‌ಮನ್, ಮೋಲ್, ವಿಕರ್ಸ್ ಮೊದಲಾದ ಹೆಸರುಗಳು ಕಾಣುತ್ತವೆ.

ಈ ಪ್ರಮಾದಕ್ಕೆ ಉತ್ತರವು ಆ ಉಕ್ಕಿನ ಮೇಲೆಯೇ ಇದೆ. ಕಿರೀಟದ ಕೆಳಗಿನ ಎರಡಕ್ಷರ ಜಿ. ಆರ್. ಎಂದಿದ್ದರೆ ಅದು ಜಾರ್ಜ್ ಅರಸನ ಮುದ್ರೆ. 1907ರಲ್ಲಿ ಸಿಂಹಾಸನದ ಮೇಲಿದ್ದವನು ಏಳನೆಯ ಎಡ್ವರ್ಡನು. ಅವನ ಮುದ್ರೆ ಇ. ಆರ್.; ಐದನೆಯ ಜಾರ್ಜನು ಪಟ್ಟಕ್ಕೆ ಬಂದುದು 1910ರಲ್ಲಿ. ಇನ್ನೂ ಅರಸನಾಗದವನ ಮುದ್ರೆಯನ್ನು 1907ರ ಸಂಗೀನಿನ ಮೇಲೆ ಒತ್ತಿದವರು ಯಾರು? ಭೃಗುಸಂಹಿತೆಯನ್ನು ಕಾರಖಾನೆಯಲ್ಲಿಟ್ಟುಕೊಂಡಿದ್ದರೇ?

ಅಡ್ಡಪಟ್ಟಿಯ ತುದಿಯಲ್ಲಿ ಕೊಕ್ಕೆಯಿದ್ದರೆ 1913ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷ ಕೊಕ್ಕೆಯನ್ನು ಬಿಟ್ಟರು. ಹಿಡಿಯ ತುದಿಯಲ್ಲಿ ಕಸ ಹೊರಹೋಗಲು ಸಣ್ಣ ರಂಧ್ರವಿದ್ದರೆ 1916ರ ಬಳಿಕದ ಪದ್ಧತಿ. ಇವು ಒಳ್ಳೆಯ ಲಿಂಗಗಳೇ, ಆದರೆ ನಿರುಪಾಧಿಕವಲ್ಲ. ಹಳೆಯ ಸಂಗೀನುಗಳು ದುರಸ್ತಿಗೆ ಹೋದಾಗ ಕೊಕ್ಕೆಯನ್ನು ಕತ್ತರಿಸಿದುದೂ ರಂಧ್ರವನ್ನು ಹೊಸದಾಗಿ ಕೊರೆದುದೂ ಉಂಟು. ಆದುದರಿಂದ ಕೊಕ್ಕೆಯಿರುವುದು ಸಾಧಕ, ಇಲ್ಲದಿರುವುದು ಸಾಧಕವಲ್ಲ. ಹಸಿ ಸೌದೆಯಿದ್ದರೇ ಅಗ್ನಿಯಿಂದ ಧೂಮವೆಂದು ಪಾಠಶಾಲೆಯ ಬಾಲಕನೂ ಹೇಳುತ್ತಾನೆ. ಉಪಾಧಿಯ ವಿಚಾರವು ಕಬ್ಬಿಣಕ್ಕೂ ಅನ್ವಯಿಸುತ್ತದೆ. ಕಿರೀಟದ ಕೆಳಗೆ ಜಿ. ಆರ್. ಐ. ಎಂದು ಮೂರಕ್ಷರವಿದ್ದು, ಆರ್. ಎಫ್. ಐ. ಎಂಬ ಗುರುತೂ ಇದ್ದರೆ ಅದು ವಿಲಾಯತಿಯದಲ್ಲ, ಬಂಗಾಳದ ಇಶಾಪುರದ ರೈಫಲ್ ಕಾರಖಾನೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ದೇಶದಲ್ಲಿ ಅಲಗನ್ನು 12 ಅಂಗುಲಕ್ಕೆ ಇಳಿಸಿದರು; ತೋಡಿಲ್ಲದ ಮೋಟು ಅಲಗು ಆ ಕಾಲದ್ದು.

‘ಇಷ್ಟೆಲ್ಲ ಸೂಕ್ಷ್ಮವೇಕೆ? ಒಂದು ಕಬ್ಬಿಣದ ತುಂಡು ಯಾವ ವರ್ಷದ್ದಾದರೇನು? ಜನರಲ್ಲಿ ಅಭಿಮಾನ ಹುಟ್ಟಿದರೆ ಸಾಲದೇ?’ ಎಂಬ ಸಮಾಧಾನವಾದಿಗಳ ಮಾತಿಗೆ ಮಸ್ಕಿಯ ಬಂಡೆಯೇ ಉತ್ತರ ಕೊಡಲಿ. ದೇವಾನಾಂಪ್ರಿಯನೆಂಬ ಅರಸನ ಶಾಸನಗಳು ದೇಶದ ತುಂಬ ಇದ್ದುವು. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ 1837ರಷ್ಟು ಹಿಂದೆಯೇ ವಿದ್ವಾಂಸರು ನಿಶ್ಚಯಿಸಿದ್ದರೂ ಶಿಲೆಯ ಸಾಕ್ಷ್ಯವಿರಲಿಲ್ಲ. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯಲ್ಲಿ ಬಂಡೆಯ ಬರಹವು ಕಂಡಿತು. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಶೋಕನೆಂಬ ಹೆಸರು ಅದರಲ್ಲಿ ಸ್ಪಷ್ಟವಾಗಿತ್ತು. ಆ ಬಂಡೆಯನ್ನು ಅದಕ್ಕೆ ಮೊದಲೇ ಯಾರಾದರೊಬ್ಬ ಅಭಿಮಾನಿಯು ‘ಇದು ನಮ್ಮ ಊರಿನ ಸಿದ್ಧರ ಬಂಡೆ’ ಎಂದು ಉಜ್ಜಿ ತೊಳೆದು ಸುಣ್ಣ ಬಳಿದು ಅಕ್ಷರಗಳನ್ನು ಸವೆಸಿದ್ದರೆ ಏನಾಗುತ್ತಿತ್ತೆಂದು ವಾಚಕರು ಆಲೋಚಿಸಲಿ.

ಇದೇನೂ ಕಲ್ಪಿತವಾದ ಭಯವಲ್ಲ. ಪ್ರತಿವರ್ಷವೂ ಖಂಡೇನವಮಿಯ ಮುನ್ನಾದಿನ ಎಷ್ಟೋ ಮನೆಗಳಲ್ಲಿ ಹಳೆಯ ಆಯುಧಗಳನ್ನು ಹುಣಿಸೆಹಣ್ಣು ಇಟ್ಟಂಗಿಪುಡಿಗಳಿಂದ ತಿಕ್ಕುತ್ತಾರೆ; ಈಗಿನ ಕಾಲದಲ್ಲಿ ಉಪ್ಪುಕಾಗದವೂ ಬಂದಿದೆ. ಅಲಗು ಬೆಳ್ಳಗಾಗುತ್ತದೆ, ಸಂತೋಷವಾಗುತ್ತದೆ. ಆ ಸಂತೋಷದಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಕೂದಲೆಳೆಯಷ್ಟು ಅಕ್ಷರವು ಸವೆದುಹೋಗುತ್ತದೆ. ಮೊದಲು ಹೋಗುವುದು ಆಳವಿಲ್ಲದ ಸಣ್ಣ ಅಂಕೆಗಳು, ಅಂದರೆ ಹುಟ್ಟಿದ ತಿಂಗಳು ಮತ್ತು ವರ್ಷ. ಕೊನೆಗೆ ಉಳಿಯುವುದು ಆಳವಾಗಿ ಒತ್ತಿದ ಕಿರೀಟ ಮಾತ್ರ. ಪೂಜೆಯು ನಡೆಯಲಿ, ಬೇಡವೆಂದವರಾರು? ಒಣಬಟ್ಟೆಯಿಂದ ಒರಸಿ, ತೆಳ್ಳಗೆ ಎಣ್ಣೆ ಸವರಿ, ಕುಂಕುಮವನ್ನು ಹಿಡಿಗೆ ಇಟ್ಟರೆ ದೇವಿಯೇನೂ ಮುನಿಯಳು. ಅಕ್ಷರಗಳು ಮಸುಕಾಗಿದ್ದರೆ ದೀಪವನ್ನು ಓರೆಯಾಗಿ ಹಿಡಿದು ನೋಡಬೇಕೇ ಹೊರತು ಉಜ್ಜಿ ನೋಡಬಾರದು. 1972ರ ಪ್ರಾಚೀನ ವಸ್ತುಗಳ ಕಾನೂನಿನ ದೃಷ್ಟಿಯಲ್ಲಿ ನೂರು ವರ್ಷ ತುಂಬಿದ ಚಾರಿತ್ರಿಕ ವಸ್ತುವು ಪ್ರಾಚೀನ ವಸ್ತುವೇ. 1917ರ ಸಂಗೀನು 2017ರಲ್ಲಿ ಆ ಗೌರವಕ್ಕೆ ಪಾತ್ರವಾಯಿತು. ಉಜ್ಜಿದ ಮೇಲೆ ಅದಕ್ಕೆ ನೂರಾಯಿತೆಂದು ತೋರಿಸಲು ಸಾಕ್ಷಿಯೇ ಇರುವುದಿಲ್ಲ.

ಇದಕ್ಕಿಂತಲೂ ದೊಡ್ಡ ನಷ್ಟವೊಂದಿದೆ. 1917ರಲ್ಲಿ ಹುಟ್ಟಿದ ಸಂಗೀನು ಎಡೆದೊರೆ ನಾಡಿನ ಒಂದು ಹಳ್ಳಿಯ ಮನೆಗೆ ಬಂದುದು ಹೇಗೆ? ಮಾಡಿದ ವರ್ಷವು ಪೂರ್ವಾವಧಿ ಮಾತ್ರ. ಅದಕ್ಕೆ ಮೊದಲು ಬಂದಿರಲಾರದು, ಅನಂತರ ಎಂದಾದರೂ ಬಂದಿರಬಹುದು. ಈ ‘ಅನಂತರ’ದ ನಡುವೆ 1947 ಮತ್ತು 1948 ಕುಳಿತಿವೆ. ಅಂದು ನಿಜಾಮನು ಒಕ್ಕೂಟಕ್ಕೆ ಸೇರಲೊಲ್ಲದೆ, ರಜಾಕಾರರ ಹಾವಳಿಯಿಂದ ಊರಿಗೆ ಊರೇ ಗುಳೆ ಹೊರಟಿತ್ತು. ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯ ಶಿಬಿರಗಳಿಂದ ತರುಣರು ನಿಜಾಮನ ಠಾಣೆಗಳ ಮೇಲೆ ದಾಳಿ ಮಾಡುತ್ತಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಪ್ರವೇಶಿಸಿ ಐದು ದಿನಗಳಲ್ಲಿ ಸಂಸ್ಥಾನದ ಪ್ರತಿರೋಧವು ಮುಗಿದುಹೋಯಿತು. ಆ ಗದ್ದಲದಲ್ಲಿ ಎಷ್ಟು ಆಯುಧಗಳು ಕೈ ಬದಲಾಯಿಸಿದುವೋ, ಬಾವಿಗೆ ಬಿದ್ದುವೋ, ಅಟ್ಟ ಸೇರಿದುವೋ! ಮನೆಯ ಹಿರಿಯನೊಬ್ಬನು ಶಿಬಿರದಲ್ಲಿದ್ದಿರಬಹುದು. ಓಡಿಹೋದ ಸಿಪಾಯಿಯೊಬ್ಬನು ಹೊಲದಲ್ಲಿ ಬಿಸುಟುಹೋಗಿರಬಹುದು. ಅಥವಾ ಯಾರೂ ಇಂದು ಹೇಳಲು ಇಚ್ಛಿಸದ ಇನ್ನಾವುದೋ ಸಂಗತಿಯೂ ಇದ್ದಿರಬಹುದು, ಏಕೆಂದರೆ ಆ ದಿನಗಳಲ್ಲಿ ಎಲ್ಲ ಕಡೆಯವರೂ ಕಣ್ಣೀರಿಟ್ಟಿದ್ದಾರೆ. ಈ ನಿಜವಾದ, ಮನೆಯದೇ ಆದ ಕಥೆಯನ್ನು ಅಳಿಸಿ ಅದರ ಮೇಲೆ ವೆಂಕಟಪ್ಪನಾಯಕನ ಹೆಸರನ್ನು ಬರೆದವರು ನಾಯಕನಿಗೂ ಉಪಕಾರ ಮಾಡಲಿಲ್ಲ, ತಮ್ಮ ಅಜ್ಜನಿಗೂ ಮಾಡಲಿಲ್ಲ. 1858ರ ಕಥೆಯನ್ನು ಪುಸ್ತಕಗಳಲ್ಲಿ ಓದಬಹುದು. 1948ರಲ್ಲಿ ಆ ಮನೆಯಲ್ಲಿ ನಡೆದುದನ್ನು ಯಾವ ಪುಸ್ತಕವೂ ಹೇಳದು.

ಅದನ್ನು ಕಣ್ಣಾರೆ ಕಂಡ ಮಕ್ಕಳು ಇಂದು ಎಂಬತ್ತು ಮೀರಿದ ಮುದುಕರು, ಮುದುಕಿಯರು. ಅವರಲ್ಲಿ ಒಬ್ಬರಾದರೂ ಮನೆಯಲ್ಲಿದ್ದರೆ, ಅಲಗಿನ ಅಕ್ಷರಗಳನ್ನು ಕಾಗದದ ಮೇಲೆ ಇದ್ದುದಿದ್ದಂತೆ ನಕಲು ಮಾಡಿ, ಅಲಗಿನ ಉದ್ದ, ಉಂಗುರದ ವ್ಯಾಸಗಳನ್ನು ಅಳೆದು ಬರೆದು, ಅದರ ಕೆಳಗೆ ‘ಇದು ಯಾವಾಗ, ಯಾರ ಕೈಯಿಂದ ಬಂದಿತು?’ ಎಂದು ಅವರನ್ನು ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ದಿನಾಂಕ ಹಾಕಿ, ಆ ಕಾಗದವನ್ನು ಸಂಗೀನಿನ ಹಿಡಿಗೆ ದಾರದಿಂದ ಕಟ್ಟಿಡತಕ್ಕುದು. ‘ಗೊತ್ತಿಲ್ಲ’ ಎಂದರೆ ಹಾಗೆಂದೇ ಬರೆಯತಕ್ಕುದು.